ಕೈತೊಳೆಯಲು ಕಲಿಸಿದ ವೈದ್ಯ

ಇಗ್ನಾಜ್ ಸೆಮ್ಮೆಲ್‌ವೈಸ್ 1818ರಲ್ಲಿ ಹಂಗೇರಿಯ ಬುಡಾ ನಗರದಲ್ಲಿ ಜನಿಸಿದರು. 1846ರಲ್ಲಿ ವಿಯೆನ್ನಾದ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ಸೇರಿದಾಗ, ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚಾಗಿ ಜ್ವರದಿಂದ ಸಾಯುತ್ತಿದ್ದುದನ್ನು ಕಂಡು ಮರುಗಿದರು. ಶವಪರೀಕ್ಷೆಯಲ್ಲಿ ಗಾಯಗೊಂಡ ಮಿತ್ರರೊಬ್ಬರು ಅಂಥದೇ ಜ್ವರದಿಂದ ತೀರಿಕೊಂಡಾಗ ಕಾರಣ ಹೊಳೆಯಿತು. ಶವ ಮುಟ್ಟಿದ ಕೈಯೇ ಬಾಣಂತಿಯನ್ನೂ ಮುಟ್ಟುತ್ತಿತ್ತು. 1847ರ ಮೇ ತಿಂಗಳಿಂದ, ನಮ್ಮೂರ ಕುಡಿಯುವ ನೀರಿಗೆ ಬೆರೆಸುವ ಬ್ಲೀಚಿಂಗ್ ಪುಡಿಯಂಥ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ ತಮ್ಮ ಕೈಗಳೇ ರೋಗವನ್ನು ಒಯ್ದವೆಂಬುದನ್ನು ಅನೇಕ ವೈದ್ಯರು ಒಪ್ಪಲಿಲ್ಲ. 1865ರಲ್ಲಿ ಅವರು ಮಾನಸಿಕ ಆಸ್ಪತ್ರೆಯೊಂದರಲ್ಲಿ, ಗಾಯ ನಂಜೇರಿ, 47ನೆಯ ವಯಸ್ಸಿನಲ್ಲಿ ಅಸುನೀಗಿದರು. ತಂಬ್ರಹಳ್ಳಿಯಂಥ ಊರುಗಳಿಂದ ಹೊರಟು ದಾದಿಯರೂ ವೈದ್ಯರೂ ಆಗುವ ನಮ್ಮ ವಿದ್ಯಾರ್ಥಿಗಳು ಈ ಬಾಳನ್ನು ನೆನೆಯಬೇಕು. ಕೈ ಶುಚಿಯಾಗದೆ ಕಾಯಕ ಶುದ್ಧವಾಗದು. ತಪ್ಪನ್ನು ಒಪ್ಪದೆ ಕೈ ಶುಚಿಯಾಗದು.