ಹಾಡಿನಿಂದ ಜನರನ್ನು ಕೂಡಿಸಿದ ಮಾಣಿಕಪ್ರಭು

ಹಳ್ಳಿಖೇಡ (ಬಿ), ಹುಮನಾಬಾದ್, ಬಸವಕಲ್ಯಾಣಗಳ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು ಹಾಗೂ ಉರ್ದು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಭಜನೆಯ ತಾಳ, ಫಕೀರರ ದಫ್ಪು, ಮೊಹರಂ ಹಲಗೆ ಇವೆಲ್ಲ ಇಲ್ಲಿನ ಬೀದಿಗಳಿಗೆ ಪರಿಚಿತ ಸದ್ದುಗಳು. ಈ ಬಹುಧ್ವನಿಯ ನೆಲದಲ್ಲಿ ಹಾಡನ್ನೇ ಸಾಧನೆಯ ಮಾರ್ಗವನ್ನಾಗಿಸಿ, ಭಿನ್ನ ಮತಗಳ ಜನರನ್ನು ಒಂದೆಡೆ ಕುಳ್ಳಿರಿಸಿದವರು ಸಂತ ಮಾಣಿಕಪ್ರಭುಗಳು.

ಮಾಣಿಕಪ್ರಭುಗಳು ಜನಿಸಿದ್ದು 1817ರ ಡಿಸೆಂಬರ್ 22ರಂದು, ದತ್ತ ಜಯಂತಿಯ ದಿನ, ಬಸವಕಲ್ಯಾಣ ಸಮೀಪದ ಲಾಡವಂತಿ ಗ್ರಾಮದಲ್ಲಿ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಬಾಲ್ಯ ಕಳೆದದ್ದು ಅಂದು ಕಲ್ಯಾಣಿ ಎನಿಸಿಕೊಂಡಿದ್ದ ಬಸವಕಲ್ಯಾಣದಲ್ಲಿ, ಸೋದರಮಾವನ ಆಶ್ರಯದಲ್ಲಿ. ಹನ್ನೆರಡನೆಯ ಶತಮಾನದ ಶರಣರ ನೆನಪು, ಸೂಫಿ ದರ್ಗಾಗಳು, ಹೈದರಾಬಾದಿನ ನಿಜಾಮರಿಗೆ ಅಧೀನರಾಗಿದ್ದ ನವಾಬರ ಆಡಳಿತ ಇವೆಲ್ಲವೂ ಆ ಊರಿನಲ್ಲಿ ಒಟ್ಟಿಗೆ ಇದ್ದವು.

ಬಾಲಕನಿಗೆ ಪಾಠಶಾಲೆಗಿಂತ ಬಯಲು ಪ್ರಿಯವಾಗಿತ್ತು. ಅಲೆದಾಟವನ್ನು ಸಹಿಸದ ಸೋದರಮಾವ ಗದರಿಸಿದಾಗ ಮನೆ ತೊರೆದು, ಮಂಠಾಳ ಪರಿಸರದ ಕಾಡಿನಲ್ಲಿ ಧ್ಯಾನನಿರತನಾದನೆಂದು ಸಂಪ್ರದಾಯದ ಚರಿತ್ರೆಗಳು ಹೇಳುತ್ತವೆ. ಅನಂತರದ ವರ್ಷಗಳು ಸಂಚಾರದಲ್ಲಿ ಕಳೆದವು. ಹೋದೆಡೆಯೆಲ್ಲ ಜನ ಸೇರಿದರು. ಸೇರಿದೆಡೆಯೆಲ್ಲ ಹಾಡು ಹುಟ್ಟಿತು.

1845ರಲ್ಲಿ ಹುಮನಾಬಾದ್ ಬಳಿ, ಗುರುಗಂಗಾ ಮತ್ತು ವಿರಜಾ ತೊರೆಗಳ ಸಂಗಮದಲ್ಲಿ ಪ್ರಭುಗಳು ನೆಲೆನಿಂತರು. ಆ ಸ್ಥಳವೇ ಮಾಣಿಕನಗರ. ಎಲ್ಲ ಮತಗಳೂ ಒಂದೇ ಪರತತ್ತ್ವದತ್ತ ಸಾಗುವ ದಾರಿಗಳು, ಯಾವುದನ್ನೂ ಹಳಿಯಬೇಕಿಲ್ಲ ಎಂಬುದು ಅವರು ಸ್ಥಾಪಿಸಿದ ಸಕಲಮತ ಸಂಪ್ರದಾಯದ ತಿರುಳು. ದತ್ತಭಕ್ತರು ಅವರಲ್ಲಿ ದತ್ತಾತ್ರೇಯನನ್ನೂ ಮುಸ್ಲಿಮರು ಮೆಹಬೂಬ್ ಸುಬಾನಿಯನ್ನೂ ಲಿಂಗಾಯತರು ಬಸವಣ್ಣನನ್ನೂ ಕಂಡರು. ಅವರ ದರ್ಬಾರಿನಲ್ಲಿ ವೈದಿಕರಿಗೂ ಫಕೀರರಿಗೂ ಗಾಯಕರಿಗೂ ಬಡಬಗ್ಗರಿಗೂ ಸಮಾನ ಪ್ರವೇಶವಿತ್ತು.

ಈ ತತ್ತ್ವ ಗ್ರಂಥದಲ್ಲಿ ಉಳಿಯದೆ ಜನರ ನಾಲಗೆಗೆ ಬಂದದ್ದು ಪದಗಳ ಮೂಲಕ. ಪ್ರಭುಗಳು ಮರಾಠಿ, ಕನ್ನಡ, ಹಿಂದಿ, ಉರ್ದು, ಸಂಸ್ಕೃತ ಮೊದಲಾದ ಭಾಷೆಗಳಲ್ಲಿ ರಚಿಸಿದರು. ಯಾವ ಭಾಷಿಕನೂ ತನ್ನ ನುಡಿಯನ್ನು ಬಿಟ್ಟು ಬರಬೇಕಾಗಿರಲಿಲ್ಲ. ಬೀದಿಯ ಭಜನೆಯಲ್ಲಿ ಒಬ್ಬರು ನುಡಿಯನ್ನು ಎತ್ತಿಕೊಟ್ಟರೆ ಉಳಿದವರು ಪಲ್ಲವಿಯನ್ನು ಮರಳಿ ಹಾಡುತ್ತಾರೆ. ಅಕ್ಷರ ಬಾರದವನೂ ಎರಡನೆಯ ಸುತ್ತಿಗೆ ದನಿಗೂಡಿಸಬಲ್ಲ. ಒಟ್ಟಿಗೆ ಉಣ್ಣಲು ಹಿಂಜರಿಯುತ್ತಿದ್ದ ಕಾಲದಲ್ಲಿ ಒಟ್ಟಿಗೆ ಹಾಡುವುದು ಸಣ್ಣ ಮಾತಾಗಿರಲಿಲ್ಲ. ಇದೇ ಕಾಲಘಟ್ಟದಲ್ಲಿ ಕಡಕೋಳದ ಮಡಿವಾಳಪ್ಪನವರು ಹಾಗೂ ಶಿಶುನಾಳದ ಷರೀಫರು ತತ್ತ್ವಪದಗಳ ಮೂಲಕ ಇಂಥದೇ ಕಾರ್ಯ ನಡೆಸಿದ್ದರು.

1865ರ ನವೆಂಬರ್ 29ರಂದು ಪ್ರಭುಗಳು ಮಾಣಿಕನಗರದಲ್ಲಿ ಸಮಾಧಿಸ್ಥರಾದರು. ಆಗ ಅವರಿಗೆ 48 ವರ್ಷ ತುಂಬಲು ಕೆಲವೇ ದಿನಗಳಿದ್ದವು. ಸೋದರನ ಪುತ್ರ ಮನೋಹರ ಮಾಣಿಕಪ್ರಭುಗಳು ಪೀಠದ ಉತ್ತರಾಧಿಕಾರಿಯಾದರು. ಮುಂದೆ ಪೀಠವನ್ನೇರಿದ ಮಾರ್ತಾಂಡ ಮಾಣಿಕಪ್ರಭುಗಳೂ ಪದರಚನೆಯ ಪರಂಪರೆಯನ್ನು ಬೆಳೆಸಿದರು.

ಹಾಡು ಎಲ್ಲವನ್ನೂ ತಡೆಯಲಾರದು. 1948ರ ಪೊಲೀಸ್ ಕಾರ್ಯಾಚರಣೆಯ ಸಂದರ್ಭದಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಹೆಚ್ಚು ರಕ್ತಪಾತ ಕಂಡ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಪ್ರಭುಗಳು ಕಟ್ಟಿದ ಸೌಹಾರ್ದವು ಒಮ್ಮೆ ಗಳಿಸಿ ತಿಜೋರಿಯಲ್ಲಿಡುವ ಆಸ್ತಿಯಲ್ಲ, ಪ್ರತಿ ತಲೆಮಾರೂ ಮತ್ತೆ ಕೂಡಿ ಹಾಡಿ ಉಳಿಸಿಕೊಳ್ಳಬೇಕಾದದ್ದು ಎಂಬುದನ್ನು ಆ ಕಹಿ ನೆನಪು ತಿಳಿಸುತ್ತದೆ.

ಪ್ರತಿವರ್ಷ ದತ್ತ ಜಯಂತಿಯ ಹೊತ್ತಿಗೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಭಕ್ತರು ಮಾಣಿಕನಗರದಲ್ಲಿ ನೆರೆಯುತ್ತಾರೆ. ಹೆಸರಾಂತ ಸಂಗೀತಗಾರರು ಹಾಡುವ ಆ ಅಂಗಳದಲ್ಲಿ ಹಳ್ಳಿಯಿಂದ ಬಂದವರ ದನಿಗೂ ಎಡೆಯಿದೆ. ಪ್ರಭುಗಳ ನಿಜವಾದ ಸ್ಮಾರಕ ಅದೇ.