ಹಳ್ಳಿಯ ಪಿಟೀಲಿಗೆ ಸಭಾಗೌರವ ತಂದ ಓಲೆ ಬುಲ್

ಯುರೋಪಿನ ಉತ್ತರದಂಚಿನ ನಾರ್ವೆ ದೇಶದ ಬರ್ಗೆನ್ ಪಟ್ಟಣದಲ್ಲಿ 1810ರ ಫೆಬ್ರವರಿ 5ರಂದು ಓಲೆ ಬುಲ್ ಜನಿಸಿದನು. ತಂದೆ ಔಷಧ ವ್ಯಾಪಾರಿ. ಮಗನು ಪಾದ್ರಿಯಾಗಬೇಕೆಂಬುದು ಆತನ ಹಂಬಲ. ಆದರೆ 1828ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ತರುಣನು ಪಿಟೀಲನ್ನೇ ಜೀವನಮಾರ್ಗವಾಗಿ ಹಿಡಿದನು.

ಪಟ್ಟಣದ ಗುರುಗಳು ಆತನಿಗೆ ಶಾಸ್ತ್ರೀಯ ಪದ್ಧತಿಯನ್ನು ಕಲಿಸಿದರು. ವಾಲೆಸ್ಟ್ರಾಂಡ್ ಎಂಬಲ್ಲಿದ್ದ ಕುಟುಂಬದ ಹೊಲಮನೆಯ ಸುತ್ತಿನ ರೈತವಾದಕರು ಕಲಿಸಿದ್ದು ಬೇರೆಯೇ ವಿದ್ಯೆ. ಆ ದೇಶದ ಹಾರ್ಡಂಗರ್ ಪಿಟೀಲಿನಲ್ಲಿ ಕಮಾನು ತಾಗುವ ನಾಲ್ಕು ತಂತಿಗಳ ಅಡಿಯಲ್ಲಿ, ನಮ್ಮ ಸಾರಂಗಿಯಲ್ಲಿರುವಂತೆ, ತಾವಾಗಿಯೇ ಅನುರಣಿಸುವ ಬೇರೆ ತಂತಿಗಳಿರುತ್ತವೆ. ತಂತಿಗಳನ್ನು ಹೊತ್ತ ಕುದುರೆಯು ಚಪ್ಪಟೆಯಾಗಿರುವುದರಿಂದ ಎರಡು ತಂತಿಗಳು ಸಲೀಸಾಗಿ ಒಟ್ಟಿಗೆ ನುಡಿಯುತ್ತವೆ. ಮದುವೆಗೂ ಕುಣಿತಕ್ಕೂ ಇದೇ ವಾದ್ಯ. ವಾದಕನು ಕಾಲಿನಿಂದ ನೆಲವನ್ನು ತಟ್ಟುತ್ತ ಲಯವನ್ನು ಕಾಯುತ್ತಾನೆ. ಸ್ವರಲಿಪಿಯ ಗೊಡವೆಯಿಲ್ಲ, ಕಿವಿಯಿಂದ ಕೈಗೆ ಇಳಿದ ವಿದ್ಯೆ. ಪಟ್ಟಣಿಗರಿಗೆ ಇದು ಒರಟು ಸಂಗೀತ. ಧರ್ಮಶ್ರದ್ಧೆಯ ಆವೇಶದಲ್ಲಿ ಇದನ್ನು ಸೈತಾನನ ವಾದ್ಯವೆಂದು ಸುಟ್ಟವರೂ ಇದ್ದರು. ಧರ್ಮದ ಹೆಸರಿನಲ್ಲಿ ಕಲೆಗೆ ಬೆಂಕಿಯಿಡುವ ಅವಿವೇಕ ಒಂದೇ ದೇಶದ್ದಲ್ಲ.

1831ರಲ್ಲಿ ಬುಲ್ ಪ್ಯಾರಿಸಿಗೆ ತೆರಳಿದನು. ಪಗನೀನಿಯ ವಾದನದಿಂದ ಸ್ಫೂರ್ತಿ ಪಡೆದನು. ಮುಂದೆ ಯುರೋಪ್, ಅಮೆರಿಕಗಳಲ್ಲೆಲ್ಲ ಹೆಸರಾದನು. ಸಭಾಮಂದಿರದ ಪಿಟೀಲಿಗೂ ಚಪ್ಪಟೆ ಕುದುರೆಯನ್ನು ಅಳವಡಿಸಿ, ನಾಲ್ಕು ತಂತಿಗಳನ್ನು ಒಮ್ಮೆಗೇ ನುಡಿಸುತ್ತಿದ್ದನು. ಕೆಲವು ವಿಮರ್ಶಕರು ಇದನ್ನು ಬರಿಯ ಕಸರತ್ತೆಂದು ಹಳಿದರು. ಅದರ ಬೇರು ಹಳ್ಳಿಯಲ್ಲಿದ್ದುದನ್ನು ಅವರು ಕಾಣಲಿಲ್ಲ.

ಟೆಲೆಮಾರ್ಕ್ ಪ್ರಾಂತದಲ್ಲಿ ತೊರ್ಗೈರ್ ಔಗುಂಡ್ಸನ್ ಎಂಬ ಬಡ ವಾದಕನಿದ್ದನು. ಗಿರಣಿಯವನ ಮಗನಾದುದರಿಂದ ಜನರು ಆತನನ್ನು ಮಿಲ್ಲಾರ್‌ಗುಟೆನ್, ಎಂದರೆ ಗಿರಣಿಯ ಹುಡುಗ, ಎಂದೇ ಕರೆಯುತ್ತಿದ್ದರು. ಬುಲ್ ಈತನಿಂದ ಹಳ್ಳಿಯ ಕುಣಿತದ ಗತ್ತುಗಳನ್ನು ಕಲಿತಿದ್ದನು. 1849ರ ಜನವರಿ 15ರಂದು, ಇಂದು ಓಸ್ಲೊ ಎನಿಸಿರುವ ಕ್ರಿಸ್ಟಿಯಾನಿಯಾ ನಗರದ ಸಭೆಯಲ್ಲಿ, ಜಗತ್ಪ್ರಸಿದ್ಧನಾದ ಬುಲ್ ಆ ರೈತವಾದಕನನ್ನು ತನ್ನ ಜೊತೆಗೆ ವೇದಿಕೆಗೆ ಕರೆತಂದನು. ಅಂಗಳದ ಕುಣಿತಕ್ಕೆ ನುಡಿಸುತ್ತಿದ್ದವನನ್ನು ನಗರದ ಜನ ಸುಮ್ಮನೆ ಕುಳಿತು ಆಲಿಸಿದರು. ಬುಲ್‌ನ ಜೀವಿತದಲ್ಲಿ ಇದಕ್ಕಿಂತ ದೊಡ್ಡ ಕಾರ್ಯ ಇನ್ನೊಂದಿಲ್ಲವೆನ್ನಬಹುದು. ಆದರೂ ಕುಣಿಯುವ ಕಾಲುಗಳಿಂದ ಬೇರ್ಪಟ್ಟ ಆ ಗತ್ತು ಸಭೆಯಲ್ಲಿ ಹಳೆಯ ಗತ್ತಾಗಿಯೇ ಉಳಿಯಿತೇ ಎಂಬ ಪ್ರಶ್ನೆಯನ್ನು ಅಲ್ಲಗಳೆಯಲಾಗದು.

1850ರಲ್ಲಿ ಬುಲ್ ಬರ್ಗೆನ್ನಿನಲ್ಲಿ ನಾರ್ವೆಯ ಭಾಷೆಗಾಗಿ ರಂಗಮಂದಿರವನ್ನು ಆರಂಭಿಸಿ, ಮರುವರ್ಷ ತರುಣ ಇಬ್ಸೆನ್ನನಿಗೆ ಅಲ್ಲಿ ಕೆಲಸ ಕೊಟ್ಟನು. 1852ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಸ್ಥಾಪಿಸಿದ ವಲಸೆಗಾರರ ನೆಲೆಯು ಬೇಗನೆ ಕುಸಿಯಿತು. 1858ರಲ್ಲಿ, 15 ವರ್ಷದ ಗ್ರೀಗ್‌ನನ್ನು ಸಂಗೀತಾಭ್ಯಾಸಕ್ಕಾಗಿ ಲೈಪ್‌ಜಿಗ್‌ಗೆ ಕಳುಹಿಸುವಂತೆ ಅವನ ತಂದೆತಾಯಿಗಳನ್ನು ಒಪ್ಪಿಸಿದವನೂ ಈತನೇ.

ಮಿಲ್ಲಾರ್‌ಗುಟೆನ್ 1872ರಲ್ಲಿಯೂ ಬುಲ್ 1880ರ ಆಗಸ್ಟ್ 17ರಂದೂ ತೀರಿಕೊಂಡರು. ಮಿಲ್ಲಾರ್‌ಗುಟೆನ್ನನ ಶಿಷ್ಯ ಕ್ನುಟ್ ದಾಲೆಯು ಮುಪ್ಪಿನಲ್ಲಿ, ಈ ವಿದ್ಯೆ ತನ್ನೊಡನೆ ಮಣ್ಣಾಗದಿರಲೆಂದು ಗ್ರೀಗ್‌ನಿಗೆ ಮೊರೆಯಿಟ್ಟನು. 1901ರಲ್ಲಿ ಪಿಟೀಲುವಾದಕ ಹಾಲ್ವೊರ್ಸೆನ್ನನು ವೃದ್ಧನ ಎದುರು ಕುಳಿತು ಆ ಗತ್ತುಗಳನ್ನು ಸ್ವರಲಿಪಿಗಿಳಿಸಿದನು. ಗ್ರೀಗ್ ಅವನ್ನು ಪಿಯಾನೋವಿಗೆ ಹೊಂದಿಸಿ 1903ರಲ್ಲಿ ಪ್ರಕಟಿಸಿದನು.