ಅವರೆಯ ಒಳಗುಟ್ಟನ್ನರಿತ ವಿದುಷಿ

ಚಳಿಗಾಲ ಬಂತೆಂದರೆ ನಮ್ಮ ಬೈರಮಂಗಲದ ಮನೆಮನೆಯಲ್ಲಿಯೂ ಅವರೆಯ ಸೊಗಡು. ಹಿತಕಬೇಳೆಯ ಸಾರನ್ನು ಮುದ್ದೆಯೊಡನೆ ಉಣ್ಣುವಾಗಲೆಲ್ಲ ನನಗೆ ಶ್ರೀಮತಿ ಕಮಲಾ ಸೊಹೊನಿಯವರ ನೆನಪಾಗುತ್ತದೆ. ಹಸಿಯ ಅವರೆಯಲ್ಲಿ ಅಡಗಿದ್ದು, ನಮ್ಮ ಜೀರ್ಣರಸವಾದ ಟ್ರಿಪ್ಸಿನ್ನನ್ನು ತಡೆಯುವ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ, 1955ರಲ್ಲಿ ವಿದ್ವಲ್ಲೋಕಕ್ಕೆ ತೋರಿದವರು ಅವರೂ ಅವರ ಸಹೋದ್ಯೋಗಿಗಳೂ. ಚೆನ್ನಾಗಿ ಬೇಯಿಸಿದರೆ ಆ ವಸ್ತುವಿನ ಶಕ್ತಿ ಬಹುಮಟ್ಟಿಗೆ ಅಡಗುತ್ತದೆ. ನಮ್ಮ ಅಜ್ಜಿಯರು ರೂಢಿಯಿಂದ ಮಾಡುತ್ತಿದ್ದುದಕ್ಕೆ ಹೀಗೆ ಕಾರಣ ದೊರೆಯಿತು.

ಕಮಲಾ ಭಾಗವತರು 1911ರಲ್ಲಿ ಇಂದೂರಿನಲ್ಲಿ ಜನಿಸಿದರು. ತಂದೆಯೂ ಚಿಕ್ಕಪ್ಪನೂ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಅಗ್ರಶ್ರೇಣಿಯಲ್ಲಿ ಪಡೆದ ಮಗಳು ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅದರ ನಿರ್ದೇಶಕರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಆಕೆ ಹಿಂದಿರುಗಲಿಲ್ಲ, ಬೆಂಗಳೂರಿಗೆ ಬಂದು, ಕಾರಣವೇನೆಂದು ಕೇಳಿ, ಪಟ್ಟು ಹಿಡಿದು ನಿಂತರು. ಕಡೆಗೆ ಪ್ರವೇಶ ದೊರೆಯಿತು, ಆದರೆ ಷರತ್ತಿನ ಮೇಲೆ: ಮೊದಲ ವರ್ಷ ಪರೀಕ್ಷಾರ್ಥ, ಕೆಲಸವು ನಿರ್ದೇಶಕರಿಗೆ ಒಪ್ಪಿಗೆಯಾಗಬೇಕು, ಆಕೆಯ ಇರವು ಗಂಡಸರ ಗಮನವನ್ನು ಕದಡಬಾರದು. ಅವಮಾನವನ್ನು ನುಂಗಿ ಆಕೆ ದುಡಿದರು. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಸಸಾರಜನಕವನ್ನು ಶೋಧಿಸಿದರು. ರಾಮನ್ನರು ಮೆಚ್ಚಿದರು, ಮುಂದೆ ಇತರ ಸ್ತ್ರೀಯರಿಗೂ ಬಾಗಿಲು ತೆರೆಯಿತು.

ಅನಂತರ ಕೇಂಬ್ರಿಜ್. ವಿಟಮಿನ್ನುಗಳ ವಿಚಾರಕ್ಕಾಗಿ ನೊಬೆಲ್ ಪಾರಿತೋಷಕ ಪಡೆದಿದ್ದ ಹಾಪ್ಕಿನ್ಸರ ಪ್ರಯೋಗಾಲಯದಲ್ಲಿ ಆಲೂಗೆಡ್ಡೆಯೇ ಮೊದಲಾದ ಸಸ್ಯಗಳನ್ನು ಪರೀಕ್ಷಿಸಿ, ಜೀವಕೋಶದ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್-ಸಿ ಎಂಬ ವಸ್ತುವು ಸಸ್ಯಗಳಲ್ಲಿಯೂ ಉಂಟೆಂದು ತೋರಿದರು. 1939ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ಬಂದಿತು. ಪ್ರಬಂಧವು ಕೇವಲ ನಲವತ್ತು ಪುಟಗಳಷ್ಟಿದ್ದಿತು!

ಆ ಹಿರಿಮೆಯೊಡನೆ ವಿದೇಶದಲ್ಲಿಯೇ ನೆಲೆಸಬಹುದಾಗಿದ್ದಿತು. ಆಕೆ ಸ್ವದೇಶಕ್ಕೆ ಮರಳಿ, ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗವನ್ನು ನಡೆಸಿದರು. ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ದುಡಿದರು. 1947ರಲ್ಲಿ ಸೊಹೊನಿಯವರ ಕೈಹಿಡಿದು ಮುಂಬಯಿಗೆ ಬಂದ ಮೇಲೆ ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಬಡವರ ಊಟವೇ ಅವರ ಸಂಶೋಧನೆಯ ವಸ್ತುವಾಯಿತು. ಬೇಳೆಕಾಳುಗಳಲ್ಲದೆ ನೀರಾವನ್ನೂ ಪರೀಕ್ಷಿಸಿ, ಪೌಷ್ಟಿಕಾಂಶ ಸಾಲದ ಬಸುರಿಯರಿಗೂ ಗಿರಿಜನರ ಮಕ್ಕಳಿಗೂ ಅದರಿಂದ ಹಿತವುಂಟೆಂದು ತೋರಿದರು. ಇದಕ್ಕಾಗಿ ರಾಷ್ಟ್ರಪತಿಗಳ ಪ್ರಶಸ್ತಿಯೂ ಸಂದಿತು. ಕಡೆಗೆ ಆ ಸಂಸ್ಥೆಯ ನಿರ್ದೇಶಕರೂ ಆದರು. 1998ರಲ್ಲಿ ದಿವಂಗತರಾದರು.

ರಾಮನ್ನರ ಹಿರಿಮೆಯನ್ನು ಕೇಳುತ್ತಲೇ ಬೆಳೆದ ನನಗೆ ಈ ವೃತ್ತಾಂತ ಮೊದಲು ಕಹಿಯೆನಿಸಿತು. ದೊಡ್ಡವರ ಕಣ್ಣಿಗೂ ಕಾಲದ ಪರೆ ಕವಿದಿರುತ್ತದೆಂದು ಈಗ ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ ಬಿಡದು: ಪಟ್ಟು ಹಿಡಿಯುವ ಬಲವಿಲ್ಲದೆ ಬಾಗಿಲಿನಿಂದಲೇ ಹಿಂದಿರುಗಿದವರೆಷ್ಟು ಮಂದಿಯೋ? ಬೆಳಗ್ಗೆ ಪುಸ್ತಕಗಳನ್ನು ಎದೆಗವಚಿಕೊಂಡು ಬೆಂಗಳೂರಿನ ಬಸ್ಸನ್ನು ಹತ್ತುವ ನಮ್ಮೂರ ಹುಡುಗಿಯರನ್ನು ಕಂಡಾಗ, ಇವರನ್ನಾದರೂ ಯಾರೂ ಷರತ್ತಿನ ಮೇಲೆ ಒಳಗೆ ಕರೆಯದಿರಲೆಂದು ಹಾರೈಸುತ್ತೇನೆ.